ಇಪ್ಪತ್ತೈದನೆಯ ಸಾಲು

ಇದು ಯಾರೋ ಹೇಳಿದ್ದು, ಎಲ್ಲೋ ಕೇಳಿದ್ದು ಅಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ಅವಳಿಗೆ ಕತೆ ಕಟ್ಟಲು ಬರುವುದೇ ಇಲ್ಲ. ಕಾರಿನೊಳಗಿನ ನಾಬು, ಬಟನ್ನು, ಸ್ವಿಚ್ಚುಗಳು ಡ್ರೈವರ್ ಕೈಗೆ ಎಟುಕುತ್ತವೋ ಇಲ್ಲವೋ ಎಂದು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವುದು ಅವಳ ಕೆಲಸ. ಕೊರಳಲ್ಲಿ ಸದಾ ಅಳತೆ ಟೇಪು. ಅದಕ್ಕೇ ಕಂಪನಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಟೇಪಕ್ಕ. ಈಗ ಮನೆಯಲ್ಲೂ ಅದೇ ಹೆಸರು ನಿಂತುಬಿಟ್ಟಿದೆ.

ಅವತ್ತು ರಾತ್ರಿ ಒಂಬತ್ತೂವರೆ ದಾಟಿತ್ತು. ಅಳತೆಕೋಣೆಗೆ ಬೀಗ ಹಾಕಿ ಟೇಪಕ್ಕ ಗೇಟಿನ ಕಡೆ ಹೊರಟಳು. ದಾರಿಯಲ್ಲಿ ಒಂದು ಹಳೇ ಬಾವಿ. ಮೇಲೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದಾರೆ. ಅದರ ಪಕ್ಕ ನಡೆದರೆ ಚಪ್ಪಲಿಯ ಸದ್ದು ಒಳಗಿಳಿದು, ಒಂದು ಕ್ಷಣ ತಡವಾಗಿ ಮೇಲೆ ಬರುತ್ತದೆ. ಅದು ಅವಳಿಗೆ ಅಭ್ಯಾಸವಾಗಿತ್ತು. ಆದರೆ ಅವತ್ತು ಇನ್ನೊಂದು ಸದ್ದು...

ಟಕ್.

ಟಕ್.

ಟಕ್.

ಬಾವಿಯಿಂದಲ್ಲ. ಬೆನ್ನ ಹಿಂದಿನಿಂದ. ಅಳತೆಕೋಣೆಯಿಂದ.

ಅವಳು ನಿಂತಳು. ಆ ಸದ್ದು ಯಾವುದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಳೇ ಮಾದರಿ ಕಾರಿನ ಫ್ಯಾನಿನ ನಾಬು. ದಪ್ಪಗೆ, ಅಂಚಿಗೆ ಗೀರು ಗೀರು ಇದ್ದ ನಾಬು. ಒಳಗೆ ಒಂದು ಪುಟ್ಟ ಉಕ್ಕಿನ ಗುಂಡು ಇರುತ್ತದೆ. ಒಂದೊಂದು ಮನೆ ತಿರುಗಿಸಿದಾಗಲೂ ಟಕ್ ಅನ್ನುತ್ತದೆ. ಮೂರು ಟಕ್ ಅಂದರೆ ಮೂರನೇ ಸ್ಪೀಡು. ಮುಂದಿನ ಗಾಜಿಗೆ ಹಬೆ ಕಟ್ಟಿದಾಗ ಎಲ್ಲರೂ ಇಡುವ ಸ್ಪೀಡು.

ಆದರೆ ಆ ನಾಬನ್ನು ಕಂಪನಿ ಕೈಬಿಟ್ಟು ಎಂಟು ತಿಂಗಳಾಗಿತ್ತು. ಕೋಣೆಯೊಳಗೆ ಈಗ ಅಂಥದ್ದೊಂದೂ ಇರಲಿಲ್ಲ.

ತಿರುಗಿ ನೋಡಿದಳು. ಕಿಟಕಿಯಲ್ಲಿ ನೀಲಿ ಬೆಳಕು. ತಾನೇ ಕೈಯಾರೆ ಆರಿಸಿ ಬಂದ ಪರದೆಯ ಬೆಳಕು.

ಓಡಿಹೋಗಿ ಬೀಗ ತೆಗೆದಳು. ಒಳಗೆ ಕತ್ತಲೆ. ಯಾರೂ ಇಲ್ಲ. ಎಲ್ಲ ಇಟ್ಟಲ್ಲೇ ಇದೆ. ನಡುವೆ ಇಟ್ಟಿದ್ದ ಪರೀಕ್ಷೆಯ ಕಾರಿನ ಸೀಟಿನ ಬೆಲ್ಟ್ ಮಾತ್ರ... ಮೆಲ್ಲಗೆ ಸರ್ರ್ ಎಂದು ಒಳಗೆ ಸೇರಿಕೊಳ್ಳುತ್ತಿತ್ತು.

ದೆವ್ವ ಗಿವ್ವ ಅಂತ ಅವಳ ತಲೆಗೆ ಬರಲೇ ಇಲ್ಲ. ಅವಳಿಗೆ ಬಂದದ್ದು ಸಂಶಯ. ‘ಯಾರೋ ನನ್ನ ಲೆಕ್ಕದಲ್ಲಿ ಕೈಯಾಡಿಸ್ತಿದ್ದಾರೆ.’

ಸಂಶಯಕ್ಕೆ ಕಾರಣವೂ ಇತ್ತು. ಕೋಣೆಯ ನಡುವೆ ಒಂದು ಅರ್ಧ ಕಾರು. ಚಕ್ರವಿಲ್ಲ, ಎಂಜಿನ್ ಇಲ್ಲ. ಸೀಟು, ಸ್ಟೀರಿಂಗು, ಪೆಡಲ್ಲು, ಡ್ಯಾಶ್‌ಬೋರ್ಡು, ಅಷ್ಟೇ. ಎದುರಿಗೆ ಗೋಡೆಯಷ್ಟು ದೊಡ್ಡ ಪರದೆ, ಅದರಲ್ಲಿ ಓಡುವ ರಸ್ತೆ. ಹೊರಗಿನಿಂದ ಜನರನ್ನು ಕರೆಸಿ ಅದರಲ್ಲಿ ಕೂರಿಸುತ್ತಾರೆ. ಅವರು ಓಡಿಸುತ್ತಿರುವಾಗ ಪರದೆ ಇದ್ದಕ್ಕಿದ್ದಂತೆ ಬೆಳ್ಳಗಾಗುತ್ತದೆ, ಗಾಜಿಗೆ ಹಬೆ ಕಟ್ಟಿದ ಹಾಗೆ. ಫ್ಯಾನು ಹಾಕಿದರೆ ರಸ್ತೆ ಮತ್ತೆ ಕಾಣುತ್ತದೆ. ಫ್ಯಾನು ಹುಡುಕುವಾಗ ಅವರ ಕಣ್ಣು ಎಷ್ಟು ಸೆಕೆಂಡ್ ರಸ್ತೆ ಬಿಟ್ಟು ಆಚೆ ಹೋಯಿತು ಎಂದು ಒಂದು ಪುಟ್ಟ ಕ್ಯಾಮೆರಾ ಎಣಿಸುತ್ತದೆ. ಎರಡು ಸೆಕೆಂಡ್ ಮೀರಬಾರದು. ಮೀರಿದರೆ ಆ ಡ್ಯಾಶ್‌ಬೋರ್ಡ್ ರಸ್ತೆಗೆ ಇಳಿಯಬಾರದು. ಅದು ಟೇಪಕ್ಕ ತಾನೇ ಹಾಕಿಕೊಂಡಿದ್ದ ಗೆರೆ.

ಹೊಸ ಡ್ಯಾಶ್‌ಬೋರ್ಡ್ ಅಂದರೆ ಈ ಕೊನೆಯಿಂದ ಆ ಕೊನೆಗೆ ಒಂದೇ ಗಾಜಿನ ಹಲಗೆ. ನಾಬಿಲ್ಲ, ಬಟನ್ನಿಲ್ಲ. ಫ್ಯಾನು ಬೇಕೆಂದರೆ ಗಾಜು ಮುಟ್ಟಿ, ಒಂದು ಚಿತ್ರ ಹುಡುಕಿ, ಅದರೊಳಗೆ ಇನ್ನೊಂದು ಚಿತ್ರ ಹುಡುಕಿ, ಆಮೇಲೆ ಬೆರಳು ಜಾರಿಸಬೇಕು. ವಿಭಾಗದ ಮುಖ್ಯಸ್ಥರಿಗೆ ಅದು ಪಂಚಪ್ರಾಣ. “ನೋಡೋಕೆ ಕ್ಲೀನ್ ಆಗಿರ್ಬೇಕು ಕಣ್ರೀ, ಕ್ಲೀನ್” ಎಂದು ದಿನಕ್ಕೆ ಇಪ್ಪತ್ತು ಸಲ ಅನ್ನುವರು. ಅವರಿಗೆ ಜನ ಇಟ್ಟ ಹೆಸರು ಕ್ಲೀನ್ ಸಾರ್.

ಇಪ್ಪತ್ತನಾಲ್ಕು ಜನರನ್ನು ಕೂರಿಸಿ ಟೇಪಕ್ಕ ಅಳೆದಿದ್ದಳು. ಒಬ್ಬರದ್ದೂ ನಾಲ್ಕು ಸೆಕೆಂಡಿಗಿಂತ ಕಡಿಮೆ ಇರಲಿಲ್ಲ. ಒಬ್ಬ ಮೇಷ್ಟ್ರು ಏಳು ಸೆಕೆಂಡ್ ಹುಡುಕಿ, ಫ್ಯಾನಿನ ಬದಲು ಹಾಡು ಹಾಕಿಕೊಂಡು, ಪರದೆಯ ಮೇಲಿನ ಲಾರಿಗೆ ಹೋಗಿ ಗುದ್ದಿದ್ದರು. “ಸದ್ಯ, ಹಾಡು ಚೆನ್ನಾಗಿತ್ತು” ಎಂದು ನಕ್ಕುಬಿಟ್ಟರು. ಅವಳಿಗೆ ನಗು ಬರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಫೈಲು ತೆಗೆದು ನೋಡಿದರೆ ಇಪ್ಪತ್ತೈದು ಸಾಲು.

ಕೊನೆಯ ಸಾಲಿನಲ್ಲಿ ಹೆಸರಿಲ್ಲ. ಶುರುವಾದದ್ದು ರಾತ್ರಿ ಒಂಬತ್ತು ನಲವತ್ತು. ಹಬೆ ಬಂದದ್ದು ಒಂದು ಸಲ. ತಕ್ಷಣ ಫ್ಯಾನು ಹಾಕಿದ್ದಾನೆ. ಕಣ್ಣು ರಸ್ತೆ ಬಿಟ್ಟದ್ದು... ಸೊನ್ನೆ ಸೆಕೆಂಡ್.

ಸೊನ್ನೆ!

ಅವಳು ಅಳಿಸಿದಳು. ಮರುದಿನ ಮತ್ತೆ ಅದೇ ಸಾಲು. ಮತ್ತೆ ಅಳಿಸಿದಳು. ಮೂರನೆಯ ದಿನ ಅವಳಿಗಿಂತ ಮೊದಲೇ ಕ್ಲೀನ್ ಸಾರ್ ಬಂದು ಫೈಲಿನ ಮುಂದೆ ಕೂತಿದ್ದರು. ಮುಖ ಅರಳಿತ್ತು.

“ನೋಡಿ, ಒಬ್ಬ ಮಾಡಿದ್ದಾನೆ! ಗಾಜು ನೋಡದೇನೇ ಮಾಡಿದ್ದಾನೆ. ಅಂದ್ರೆ ತಪ್ಪು ಗಾಜಿಂದಲ್ಲ, ಅಭ್ಯಾಸದ್ದು. ಶುಕ್ರವಾರ ಗಾಜು ಪಾಸು ಅಂತ ರಿಪೋರ್ಟಿಗೆ ಸಹಿ ಹಾಕ್ಬಿಡಿ.”

“ಯಾರು ಸಾರ್ ಅವ್ನು?”

“ನಿಮ್ಮ ಕೋಣೆ, ನಿಮ್ಮ ಬೀಗ. ನನ್ನ ಕೇಳಿದ್ರೆ?”

ಆ ಮಾತು ಅವಳಿಗೆ ಚುಚ್ಚಿತು. ಈ ಮನುಷ್ಯನೇ ಮಾಡಿಸುತ್ತಿದ್ದಾನೆ, ನನ್ನ ತಲೆಗೇ ಕಟ್ಟುತ್ತಿದ್ದಾನೆ ಅನ್ನಿಸಿತು. ನೇರ ಹೋಗಿ ತಂತಿಯಣ್ಣನನ್ನು ಹಿಡಿದಳು. ಅಲ್ಲಿನ ಕ್ಯಾಮೆರಾ, ವೈರು, ಕಂಪ್ಯೂಟರು ಎಲ್ಲ ನೋಡಿಕೊಳ್ಳುವವನು ಅವನೇ. ಐವತ್ತೈದು ದಾಟಿದ ಮನುಷ್ಯ. ಕಿವಿಯ ಹಿಂದೆ ಪೆನ್ಸಿಲ್ಲು, ಜೇಬಿನಲ್ಲಿ ಯಾವಾಗಲೂ ಒಂದು ತುಂಡು ತಂತಿ.

“ಅಣ್ಣಾ, ನಿಜ ಹೇಳು. ಆ ಸಾಲು ನೀನು ಹಾಕ್ತಿದೀಯಾ?”

“ನನಗೇನು ಬೇರೆ ಕೆಲಸ ಇಲ್ವಾ ತಾಯಿ?”

“ಮತ್ತೆ ಅವ್ರು?”

“ಕ್ಲೀನ್ ಸಾರಾ? ಬೆಲ್ಟ್ ಹಾಕದೆ ಅದು ಶುರುನೇ ಆಗಲ್ಲ. ಅವರ ಹೊಟ್ಟೆಗೆ ಆ ಬೆಲ್ಟ್ ಸಾಲುತ್ತಾ?” ಎಂದು ನಕ್ಕ. ಆಮೇಲೆ ಫೈಲು ನೋಡಿದ. ನೋಡುತ್ತಾ ನೋಡುತ್ತಾ ನಗು ನಿಂತಿತು. ದನಿ ತಗ್ಗಿಸಿದ.

“ಟೇಪಕ್ಕ... ಸೀಟಲ್ಲಿ ಮುಖ ಇಲ್ಲದಿದ್ರೆ ಕ್ಯಾಮೆರಾ ಬರೀ ಗೀಟು ಹಾಕುತ್ತೆ. ಇಲ್ಲಿ ಸೊನ್ನೆ ಹಾಕಿದೆ.”

“ಅಂದ್ರೆ?”

“ಅಂದ್ರೆ ಕಣ್ಣು ಇತ್ತು. ಅಲುಗಾಡಲಿಲ್ಲ, ಅಷ್ಟೇ.”

ಉಳಿದವನು ಒಬ್ಬ. ಗೇಟಿನ ತಾತ. ರಾತ್ರಿ ಪಾಳಿಯ ಕಾವಲು ಅವನದ್ದು. ಎಲ್ಲ ಕೋಣೆಗಳ ಎರಡನೆಯ ಕೀಲಿಗಳೂ ಅವನ ಪೆಟ್ಟಿಗೆಯಲ್ಲಿ. ಸಂಶಯ ಅವನ ಕಡೆ ತಿರುಗಿತು. ಗುರುವಾರ ಸಂಜೆ ಅವಳು ಹೊಸ ಬೀಗ ತಂದಳು. ಬೆರಳು ಎಲ್ಲೆಲ್ಲಿ ತಾಕುತ್ತದೆಂದು ನೋಡಲು ಅವರ ಬಳಿ ಒಂದು ಬಿಳೀ ಪುಡಿ ಇರುತ್ತದೆ. ಅದನ್ನು ಗಾಜಿನ ಹಲಗೆಯ ತುಂಬ ತೆಳ್ಳಗೆ ಉದುರಿಸಿದಳು. ಆಮೇಲೆ ತಾತನನ್ನೇ ಕರೆದಳು.

“ತಾತಾ, ಇವತ್ತು ನನ್ನ ಜೊತೆ ಒಳಗೆ ಕೂರಬೇಕು.”

ಯಾಕೆಂದು ಅವನು ಕೇಳಲಿಲ್ಲ. ಅದೂ ಅವಳಿಗೆ ಸಂಶಯವೇ. ಯಾಕೆ ಕೇಳಲಿಲ್ಲ ಇವನು?

ಒಳಗಿನಿಂದ ಬೀಗ ಹಾಕಿ ಇಬ್ಬರೂ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತರು. ದೀಪ ಆರಿಸಿದರು. ಗೋಡೆ ಗಡಿಯಾರದ ಟಿಕ್ ಟಿಕ್. ತಾತನ ಉಸಿರಿನ ಸುಂಯ್ ಸುಂಯ್. ಒಂಬತ್ತೂವರೆ ಆಯಿತು. ಒಂಬತ್ತು ಮೂವತ್ತೈದು...

“ಹೆದರಬೇಡವ್ವಾ” ಅಂದ ತಾತ ಪಿಸುಮಾತಿನಲ್ಲಿ. “ಅವರು ಯಾರಿಗೂ ಏನೂ ಮಾಡಲ್ಲ.”

ಅವಳು ಅವನ ಕಡೆ ತಿರುಗಿದಳು. “ಅವರು ಅಂದ್ರೆ?”

ತಾತ ತುಟಿಯ ಮೇಲೆ ಬೆರಳಿಟ್ಟ.

ಸೀಟು ಕಿರ್ ಎಂದಿತು. ಯಾರೋ ಭಾರ ಬಿಟ್ಟು ಕೂತ ಹಾಗೆ. ಬೆಲ್ಟ್ ಸರ್ರ್ ಎಂದು ಹೊರಗೆ ಬಂತು. ಗಾಳಿಯಲ್ಲಿ ಓರೆಯಾಗಿ ನಿಂತಿತು. ಕ್ಲಿಕ್. ಪರದೆ ಹತ್ತಿಕೊಂಡಿತು. ರಸ್ತೆ ಓಡತೊಡಗಿತು. ಸ್ಟೀರಿಂಗು ಒಂದು ಕೂದಲೆಳೆ ಎಡಕ್ಕೆ, ಒಂದು ಕೂದಲೆಳೆ ಬಲಕ್ಕೆ... ಪಳಗಿದ ಕೈ ಹಿಡಿದಂತೆ. ಸೀಟಿನಲ್ಲಿ ಯಾರೂ ಇರಲಿಲ್ಲ. ಖಾಲಿ.

ಪರದೆ ಬೆಳ್ಳಗಾಯಿತು.

ಟಕ್. ಟಕ್. ಟಕ್.

ಭುಸ್ಸ್ ಎಂದು ಫ್ಯಾನು ಶುರುವಾಯಿತು. ಪರದೆ ತಿಳಿಯಾಯಿತು. ರಸ್ತೆ ಮುಂದೆ ಹೋಯಿತು.

ಟೇಪಕ್ಕನಿಗೆ ಆಗ ಹೊಳೆಯಿತು. ಬರೀ ನೆಟ್ಟ ನೋಟದಲ್ಲಿ, ಬಲಗೈ ಸ್ಟೀರಿಂಗಿನ ಮೇಲಿಟ್ಟು, ಇನ್ನೊಂದು ಕೈಯಿಂದ ಫ್ಯಾನು ತಿರುಗಿಸುವವರನ್ನು ಅವಳು ಒಬ್ಬರನ್ನೇ ನೋಡಿದ್ದಳು. ಡ್ರೈವರಣ್ಣ. ಕಂಪನಿಯ ಹೊಸ ಕಾರುಗಳನ್ನು ಮೊದಲು ಓಡಿಸಿ ನೋಡುತ್ತಿದ್ದವರು. ಇಪ್ಪತ್ತೆಂಟು ವರ್ಷದ ಸರ್ವಿಸು, ಮೈಮೇಲೆ ಒಂದು ಗೀರು ಇರಲಿಲ್ಲ. ಆರು ತಿಂಗಳ ಹಿಂದೆ, ಗಾಜಿನ ಹಲಗೆ ಹಾಕಿದ ಮೊದಲ ಕಾರನ್ನು ಒಂದು ಥಂಡಿ ರಾತ್ರಿ ಓಡಿಸುತ್ತಿದ್ದಾಗ, ಪರೀಕ್ಷೆಯ ರಸ್ತೆಯ ತಿರುವಿನಲ್ಲಿ ಗೋಡೆಗೆ ಗುದ್ದಿ ಹೋಗಿಬಿಟ್ಟರು. ನಿದ್ದೆಗಣ್ಣಿನಲ್ಲಿ ಓಡಿಸಿದರು ಎಂದು ಬರೆದು ಮುಗಿಸಿದ್ದರು. ಟೇಪಕ್ಕ ಕೂಡ ಅದನ್ನೇ ನಂಬಿದ್ದಳು. ಅವರ ಹೆಂಡತಿ ಆಮೇಲೆ ಅಂಗಡಿಗೆ ಹೋಗುವುದನ್ನೂ ಬಿಟ್ಟಿದ್ದರು. ‘ನಿಮ್ಮೆಜಮಾನ್ರು ಕುಡಿದಿದ್ರಂತೆ, ನಿಜವಾ?’ ಎಂದು ಕೇಳುವವರೂ ಇದ್ದರು.

ಇನ್ನೊಮ್ಮೆ ಪರದೆ ಬೆಳ್ಳಗಾಯಿತು.

ಟಕ್. ಟಕ್...

ಅವಳಿಗೆ ಅದೆಲ್ಲಿಂದ ಧೈರ್ಯ ಬಂತೋ. ಎದ್ದು ಹೋಗಿ, ಸೀಟಿನ ಪಕ್ಕ ನಿಂತು, ಬಾಗಿ ಪಿಸುಗುಟ್ಟಿದಳು.

“ಅಣ್ಣಾ... ಅಲ್ಲಿ ನಾಬಿಲ್ಲ. ತೆಗೆದುಬಿಟ್ಟಿದ್ದಾರೆ.”

ಸದ್ದು ನಿಂತಿತು.

ಫ್ಯಾನೂ ನಿಂತಿತು.

ಆಮೇಲೆ, ಕಿವಿಗೆ ತೀರಾ ಹತ್ತಿರ, ಒಂದು ಒಣಗಿದ ದನಿ.

“ಎಲ್ಲಿಟ್ರು?”

ಅಷ್ಟೇ. ಎರಡನೆಯ ಮಾತಿಲ್ಲ. ಗಾಜಿನ ಹಲಗೆಯ ಮೇಲೆ ಟಪ್ ಎಂದಿತು. ಬೆರಳು ತಾಗಿದ ಸದ್ದು. ಪುಡಿಯ ಮೇಲೆ ಒಂದು ದುಂಡನೆಯ ಗುರುತು ಮೂಡಿತು. ಟಪ್. ಇನ್ನೊಂದು, ಸ್ವಲ್ಪ ಮೇಲೆ. ಟಪ್ ಟಪ್. ಎಡಕ್ಕೆ, ಬಲಕ್ಕೆ, ಹುಡುಕಿದ ಹಾಗೆ, ತಡಕಾಡಿದ ಹಾಗೆ. ಟಪ್ ಟಪ್ ಟಪ್ ಟಪ್... ಪರದೆ ಬೆಳ್ಳಗೇ ಇತ್ತು. ಸ್ಟೀರಿಂಗು ನಿಧಾನವಾಗಿ ಓರೆಯಾಗುತ್ತಿತ್ತು.

ಧಡ್!

ಬ್ರೇಕ್ ಪೆಡಲ್ಲು ನೆಲಕ್ಕೆ ಬಡಿಯಿತು. ಪರದೆ ಕಪ್ಪಾಯಿತು. ಬೆಲ್ಟ್ ಬಿಚ್ಚಿಕೊಳ್ಳಲೇ ಇಲ್ಲ, ಹಾಗೇ ಬಿಗಿದುಕೊಂಡೇ ಇತ್ತು.

ತಾತ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. “ಯಾಕವ್ವಾ ಹೇಳ್ದೆ?” ಅಂದ. “ಇಷ್ಟು ದಿನ ಅವರಿಗೆ ಗೊತ್ತಿರಲಿಲ್ಲ. ಚೆನ್ನಾಗಿ ಓಡಿಸ್ಕೊಂಡು ಹೋಗ್ತಿದ್ರು.”

ಆ ಮಾತು ಅವಳನ್ನು ಎಷ್ಟೋ ದಿನ ಸುಟ್ಟಿತು. ಆದರೆ ಆ ಹೊತ್ತಿಗೆ ಅವಳು ಮಾಡಿದ್ದು ತನಗೆ ಗೊತ್ತಿದ್ದ ಒಂದೇ ಕೆಲಸ. ದೀಪ ಹಾಕಿ, ಪುಡಿಯ ಮೇಲಿನ ಗುರುತು ಎಣಿಸಿದಳು. ಹನ್ನೊಂದು. ಫೈಲು ತೆಗೆದಳು. ಇಪ್ಪತ್ತೈದನೆಯ ಸಾಲಿನಲ್ಲಿ ಸೊನ್ನೆ ಇರಲಿಲ್ಲ. ಕಣ್ಣು ರಸ್ತೆ ಬಿಟ್ಟದ್ದು ಆರೂವರೆ ಸೆಕೆಂಡ್. ಮುಂದೆ ಏನೂ ಇಲ್ಲ.

ಬೆಳಿಗ್ಗೆ ತಂತಿಯಣ್ಣ ಬರುವಷ್ಟರಲ್ಲಿ ಅವಳು ಬಾಗಿಲಲ್ಲೇ ನಿಂತಿದ್ದಳು. ರಾತ್ರಿಯದ್ದು ಒಂದಕ್ಷರ ಹೇಳಲಿಲ್ಲ.

“ಅಣ್ಣಾ, ಡ್ರೈವರಣ್ಣನ ಕಾರಲ್ಲಿ ಬೆರಳು ಎಷ್ಟು ಸಲ ಗಾಜು ಮುಟ್ಟಿತು ಅನ್ನೋದರ ದಾಖಲೆ ಇರುತ್ತಲ್ವಾ?”

“ಇರಬೇಕು. ಆದ್ರೆ ಅಪಘಾತದಲ್ಲಿ ಎಲ್ಲ ಹಾಳಾಯ್ತು ಅಂದ್ರು.”

“ಯಾರು ಅಂದ್ರು?”

ತಂತಿಯಣ್ಣ ಅವಳ ಮುಖವನ್ನೇ ನೋಡಿದ. “ಕ್ಲೀನ್ ಸಾರ್” ಅಂದ ಮೆಲ್ಲಗೆ.

ಹಳೇ ಕಾಗದಗಳ ಬೀರುವಿನಲ್ಲಿ, ಕೆಳಗಿನ ಅರೆಯಲ್ಲಿ, ಆ ಲಕೋಟೆ ಸಿಕ್ಕಿತು. ಮೇಲೆ ಕಾರಿನ ನಂಬರು. ಒಳಗೆ ಕಾರಿನ ದಾಖಲೆ ಕೂಡಿಡುವ, ಹೆಬ್ಬೆರಳಿನಷ್ಟು ಒಂದು ಚಿಪ್ಪು. ಲಕೋಟೆಯ ಬಾಯನ್ನು ಒಮ್ಮೆ ಬ್ಲೇಡಿನಿಂದ ಕೊಯ್ದು, ಆಮೇಲೆ ಟೇಪಿನಿಂದ ಅಂಟಿಸಿದ್ದರು. ಅಂದರೆ ಅದನ್ನು ಯಾರೋ ಆಗಲೇ ತೆಗೆದು ನೋಡಿದ್ದಾರೆ. ನೋಡಿ, ಮುಚ್ಚಿ, ಕೆಳಗಿನ ಅರೆಗೆ ತಳ್ಳಿದ್ದಾರೆ.

ತಂತಿಯಣ್ಣ ಚಿಪ್ಪನ್ನು ಕಂಪ್ಯೂಟರಿಗೆ ಹಾಕಿದ. ಹಾಳಾಗಿರಲಿಲ್ಲ, ಏನಿಲ್ಲ. ಕೊನೆಯ ಆರೂವರೆ ಸೆಕೆಂಡಿನಲ್ಲಿ ಬೆರಳು ಗಾಜು ಮುಟ್ಟಿದ್ದು ಹನ್ನೊಂದು ಸಲ. ಹನ್ನೊಂದನೆಯದೂ ಗೋಡೆಗೆ ಗುದ್ದಿದ್ದೂ ಒಂದೇ ಸೆಕೆಂಡು.

ತಂತಿಯಣ್ಣ ಕುರ್ಚಿಗೆ ಒರಗಿ ಕೂತುಬಿಟ್ಟ. “ನಿದ್ದೆ ಮಾಡೋನು ಹನ್ನೊಂದು ಸಲ ಒತ್ತುತ್ತಾನಾ...”

ಶುಕ್ರವಾರ ಮಧ್ಯಾಹ್ನ ಕ್ಲೀನ್ ಸಾರ್ ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟರು. ಅವಳು ಸಹಿ ಹಾಕಲಿಲ್ಲ. ಹಾಳೆ ತಿರುಗಿಸಿ ಅವರ ಮುಂದಿಟ್ಟಳು. ಹನ್ನೊಂದು ಗೀಟು, ಹನ್ನೊಂದು ಸಮಯ.

“ಇದೆಲ್ಲಿ ಸಿಕ್ತು?” ಅಂದರು.

“ಬೀರುವಲ್ಲಿ. ಅಂಟಿಸಿದ್ದು ಯಾರು ಸಾರ್?”

ಅವರು ಕರವಸ್ತ್ರ ತೆಗೆದು ಮೇಜು ಒರೆಸಿದರು. ಮೇಜು ಆಗಲೇ ಒರೆಸಿಟ್ಟದ್ದೇ. “ನಿಮಗೆ ಹೊಸದು ಯಾವುದೂ ಹಿಡಿಸಲ್ಲ” ಅಂದರು. “ಕೆಲಸದ ಮೇಲೆ ಆಸೆ ಇದೆಯೋ ಇಲ್ವೋ?”

“ಇದೆ ಸಾರ್. ಅದಕ್ಕೇ ಇದರ ಇನ್ನೊಂದು ಪ್ರತಿ ನಿಮ್ಮ ಮೇಲಿನವರಿಗೆ ಹೋಗಿದೆ.”

ಅವಳು ಹೊರಗೆ ಬಂದು ಹಳೇ ಬಾವಿಯ ಪಕ್ಕ ಕೂತುಬಿಟ್ಟಳಂತೆ. ದೆವ್ವದ ಪಕ್ಕ ನಿಂತಾಗ ಅಷ್ಟು ಹೆದರಿರಲಿಲ್ಲ ಅನ್ನುತ್ತಾಳೆ.

ಒಂದು ತಿಂಗಳು ಅವಳನ್ನು ಮನೆಯಲ್ಲಿ ಕೂರಿಸಿದರು. ಅವಳು ಕೋಣೆಯಲ್ಲಿ ಹಗಲೂ ರಾತ್ರಿ ಕಾಗದ ಹರಡಿಕೊಂಡು ಕೂರುತ್ತಿದ್ದಳು. ದೊಡ್ಡಮ್ಮ ಊಟಕ್ಕೆ ಕರೆದೂ ಕರೆದೂ ಸಾಕಾದರು. ಆಮೇಲೆ ಮೇಲಿನಿಂದ ಮೂವರು ಬಂದರು. ಲಕೋಟೆ ನೋಡಿದರು, ಇಪ್ಪತ್ತನಾಲ್ಕು ಸಾಲು ನೋಡಿದರು. ಅವರಲ್ಲಿ ಒಬ್ಬರು ತಾವೇ ಸೀಟಿನಲ್ಲಿ ಕೂತರು. ಪರದೆ ಬೆಳ್ಳಗಾದಾಗ ಐದು ಸೆಕೆಂಡ್ ಹುಡುಕಿ, ಬೆವರು ಒರೆಸಿಕೊಂಡು ಕೆಳಗಿಳಿದರು. ಅವಳನ್ನು ಕೆಲಸಕ್ಕೆ ಕರೆಸಿಕೊಂಡರು. ಕ್ಲೀನ್ ಸಾರ್ ಆರೋಗ್ಯ ಸರಿಯಿಲ್ಲವೆಂದು ಬರೆದುಕೊಟ್ಟು ಹೋದರು. ಅಂಟಿಸಿದ್ದು ಅವರೇ ಎಂದು ಯಾರೂ ಸಾಬೀತು ಮಾಡಲಿಲ್ಲ. ನಾನೂ ಹೇಳುವುದಿಲ್ಲ. ನೀವೇ ಯೋಚನೆ ಮಾಡಿ.

ಫ್ಯಾನಿಗೆ, ಹಬೆಗೆ, ಅಪಾಯದ ದೀಪಕ್ಕೆ ಮತ್ತೆ ನಾಬು, ಬಟನ್ನು ಬಂದವು. ಕಣ್ಣು ಮುಚ್ಚಿಕೊಂಡರೂ ಕೈಗೆ ಸಿಗುವಂಥವು. ಜಾಗ ಎಲ್ಲೆಂದು ಟೇಪಕ್ಕನೇ ಗುರುತು ಹಾಕಿದಳು.

ಒಂದು ಭಾನುವಾರ ಅವಳೂ ತಂತಿಯಣ್ಣನೂ ಡ್ರೈವರಣ್ಣನ ಮನೆಗೆ ಹೋದರು. ಹೆಂಡತಿ ಬಾಗಿಲು ಅರ್ಧ ತೆರೆದರು. ‘ಇನ್ನೇನು ಹೇಳೋಕೆ ಬಂದ್ರಿ?’ ಅನ್ನುವಂಥ ಮುಖ. ಟೇಪಕ್ಕ ಹಾಳೆ ಕೊಟ್ಟಳು. ಆಕೆ ಒಂದೊಂದು ಗೀಟಿನ ಮೇಲೂ ಬೆರಳಿಟ್ಟು ಎಣಿಸಿದರು. ಎರಡು ಸಲ ಎಣಿಸಿದರು.

“ಅವರು ನಿದ್ದೆ ಮಾಡಿರಲಿಲ್ಲ ಅಂತ ನನಗೆ ಗೊತ್ತಿತ್ತು” ಅಂದರು. “ಬೀದಿಯವರಿಗೆ ಯಾರು ಹೇಳ್ತಾರೆ?”

“ಕಂಪನಿ ಗೇಟಿನ ಬೋರ್ಡಿಗೆ ಹಾಕಿದೀವಿ ಅತ್ತಿಗೆ” ಅಂದ ತಂತಿಯಣ್ಣ. “ಸಹಿ, ಮೊಹರು ಎಲ್ಲ ಹಾಕಿ. ಬೇಕಾದ್ರೆ ಇಲ್ಲೂ ಅಂಟಿಸ್ತೀನಿ.”

“ಅಂಟಿಸು” ಅಂದರು ಆಕೆ. ಬಾಗಿಲು ಪೂರ್ತಿ ತೆರೆದರು.

ಇಪ್ಪತ್ತೈದನೆಯ ಸಾಲು ಆಮೇಲೆ ಬರಲಿಲ್ಲ. ಆ ಅರ್ಧ ಕಾರನ್ನು ಗುಜರಿಗೆ ಹಾಕುವುದೆಂದು ತೀರ್ಮಾನವಾಯಿತು. ಒಂದು ಬೆಳಿಗ್ಗೆ, ಚೆನ್ನಾಗಿ ಬಿಸಿಲಿದ್ದ ಹೊತ್ತಿನಲ್ಲಿ, ಲಾರಿ ಬಂತು. ಬೋಲ್ಟು ಬಿಚ್ಚಿ ಒಂದೊಂದೇ ಸಾಗಿಸಿದರು. ಡ್ರೈವರ್ ಸೀಟು ಅಂದರೆ ಎಷ್ಟು ಭಾರ? ಇಬ್ಬರು ಆರಾಮವಾಗಿ ಎತ್ತುತ್ತಾರೆ. ಆದರೆ ಇಬ್ಬರು ಹಿಡಿದರೆ ಅದು ಅಲ್ಲಾಡಲಿಲ್ಲ. ಇನ್ನೂ ಇಬ್ಬರು ಬಂದರು. ನಾಲ್ಕು ಜನ ಏದುಸಿರು ಬಿಡುತ್ತಾ, ಬೈದುಕೊಳ್ಳುತ್ತಾ, ಹೆಜ್ಜೆ ಹೆಜ್ಜೆಗೂ ಇಳಿಸಿ ಎತ್ತಿ, ಬಾಗಿಲಿನವರೆಗೆ ತಂದರು. ಹೊಸ್ತಿಲು ದಾಟಿದ್ದೇ ತಡ, ಸೀಟು ಒಮ್ಮೆಲೇ ಹಗುರಾಯಿತು. ಎಷ್ಟು ಹಗುರ ಅಂದರೆ, ಮುಂದೆ ಹಿಡಿದಿದ್ದ ಇಬ್ಬರೂ ಮುಗ್ಗರಿಸಿ ಬಿದ್ದರು. ಒಬ್ಬನ ಮಂಡಿ ಒಡೆಯಿತು.

ಟೇಪಕ್ಕ ಅಲ್ಲೇ ನಿಂತು ನೋಡಿದ್ದಾಳೆ. ಮಂಡಿ ಒಡೆದುಕೊಂಡವನು ಈಗ ಇದೇ ಬೀದಿಯ ಕೊನೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನಂಬಿಕೆ ಇಲ್ಲದಿದ್ದರೆ ನಾಳೆ ಹೋಗಿ ಕೇಳಿ. ಪ್ಯಾಂಟು ಮೇಲೆತ್ತಿ ಗಾಯದ ಕಲೆ ತೋರಿಸುತ್ತಾನೆ.